ಕೈಯೋ ರೆಕ್ಕೆಯೋ

ಶಿಮಾದಾ
೮ ಏಪ್ರಿಲ್ ೨೦೦೭

ಮಾನ್ಯ ಶಿನೋಹಾರಾ ಅವರಿಗೆ,

ನಮ್ಮ ನದೀದಂಡೆಯ ಚೆರಿ ಹೂವೆಲ್ಲ ಮೊನ್ನೆಯ ಗಾಳಿಗೆ ಉದುರಿಹೋದವು. ನಿಮ್ಮ ಹಮಾಮಾತ್ಸುವಿನ ಗಾಳಿಗಾದರೆ ಹೂವು ಮೂರು ದಿನವೂ ನಿಲ್ಲುವುದಿಲ್ಲ ಎಂದು ಅಪ್ಪ ಪ್ರತಿ ವರ್ಷ ಹೇಳುತ್ತಾರೆ. ತಾವು ಆರೋಗ್ಯವಾಗಿದ್ದೀರಿ ಎಂದು ನಂಬಿದ್ದೇನೆ.

ನಾನು ಕ್ಷೌರದಂಗಡಿಯ ಇನಾಗಾಕಿ ತಾಕುಜೊ ಅವರ ಮಗಳು ಚಿಜುರು. ನಾನು ಚಿಕ್ಕವಳಿದ್ದಾಗ ನಿಮ್ಮನ್ನು ಮೊರಿ ಮಾಮ ಎಂದು ಕರೆಯುತ್ತಿದ್ದೆ. ಪಿಯಾನೊ ಕಾರ್ಖಾನೆಯಲ್ಲಿ ಉಳಿದ ಮರದ ತುಂಡುಗಳನ್ನು ತಂದು ನನಗೊಂದು ಗೊಂಬೆಮನೆ ಮಾಡಿಕೊಟ್ಟಿದ್ದಿರಿ. ಅದು ಈಗಲೂ ನನ್ನ ಹತ್ತಿರ ಇದೆ. ನಿಮ್ಮ ವಿಳಾಸ ನೀವು ವರ್ಷವರ್ಷವೂ ಕಳಿಸುವ ಹೊಸವರ್ಷದ ಕಾರ್ಡಿನಲ್ಲಿ ಸಿಕ್ಕಿತು. ಹತ್ತೊಂಬತ್ತು ಕಾರ್ಡುಗಳನ್ನೂ ಅಪ್ಪ ತಮ್ಮ ಹಳೆಯ ಕ್ಷೌರದ ಕತ್ತಿಯ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ. ಒಂದರಲ್ಲೂ ಅಚ್ಚಿನ ಅಕ್ಷರ ಬಿಟ್ಟರೆ ನಿಮ್ಮ ಕೈಬರಹ ಒಂದು ಸಾಲೂ ಇಲ್ಲ. ಇಷ್ಟು ಮೌನವಾಗಿ ಇಷ್ಟು ನಿಯತ್ತಾಗಿ ಕಾರ್ಡು ಕಳಿಸುವವರನ್ನು ನಾನು ಬೇರೆ ನೋಡಿಲ್ಲ!

ಈಗ ಕೆಲಸದ ಮಾತು. ಅಪ್ಪನಿಗೆ ಕೈ ನಡುಕದ ಕಾಯಿಲೆ. ಪಾರ್ಕಿನ್ಸನ್ ಎಂದು ವೈದ್ಯರು ಹೇಳಿದ್ದಾರೆ. ಅದು ಗೊತ್ತಾದ ಮರುದಿನವೇ ಅಪ್ಪ ಕಪಾಟಿನಿಂದ ಹಳೆಯ ಮಾದರಿ ಹೆಲಿಕಾಪ್ಟರನ್ನು ಇಳಿಸಿ ಧೂಳು ಒರೆಸತೊಡಗಿದರು. ಹತ್ತೊಂಬತ್ತು ವರ್ಷ ಅದರ ಹೆಸರೆತ್ತಿದವರಲ್ಲ. "ಕೈ ಪೂರ್ತಿ ಹೋಗೋದ್ರೊಳಗೆ ಒಂದೇ ಒಂದು ಸಲ ಅದನ್ನ ಗಾಳೀಲಿ ಅಲ್ಲಾಡದ ಹಾಗೆ ನಿಲ್ಲಿಸ್ಬೇಕು ಕಣೇ" ಎಂದರು. ಅದನ್ನು ನೆಲದಿಂದ ಆಡಿಸುವ ಇನ್ನೊಂದು ರೇಡಿಯೊ ಪೆಟ್ಟಿಗೆಯನ್ನು ನಾನೂ ತಂದು ಅವರದ್ದಕ್ಕೆ ತಂತಿಯಿಂದ ಜೋಡಿಸಿದ್ದೇನೆ. ಅವರ ಕೈ ತಪ್ಪಿದರೆ ನಾನು ಹಿಡಿಯಬಹುದು.

ಆದರೆ ಅಂಗಡಿಯವರು ಕೊಟ್ಟ ಕಾರ್ಬನ್ ರೆಕ್ಕೆ ಹಾಕಿದರೆ ಯಂತ್ರ ಹುಚ್ಚು ಹಿಡಿದ ಹಾಗೆ ಆಡುತ್ತದೆ. ಅಪ್ಪನ ಬೆರಳು ಕೂದಲೆಳೆಯಷ್ಟು ಅಲುಗಿದರೂ ಅದು ಒಂದು ಮಾರು ಹಾರುತ್ತದೆ. ಆಗ ಅಪ್ಪನಿಗೆ ರೆಕ್ಕೆ ಮಾಡಿಕೊಡುತ್ತಿದ್ದವರು ನೀವಲ್ಲವೇ, ಎಂಥದ್ದನ್ನು ಆರಿಸಬೇಕು? ಇದನ್ನು ಅಪ್ಪನಿಗೆ ತಿಳಿಸದೆ ಕೇಳುತ್ತಿದ್ದೇನೆ. ನಿಮ್ಮಿಬ್ಬರ ನಡುವೆ ಏನಾಯಿತೋ ನನಗೆ ಗೊತ್ತಿಲ್ಲ.

ಇನಾಗಾಕಿ ಚಿಜುರು


ಹಮಾಮಾತ್ಸು
೨೭ ಏಪ್ರಿಲ್

ಚಿಜುರು,

ನಿನ್ನ ಪತ್ರ ಬಂದು ಎರಡು ವಾರ ದಾಟಿತು. ಛಾವಣಿ ರಿಪೇರಿ ಇತ್ತು, ಅದಕ್ಕೇ ತಡ ಎಂದು ಬರೆಯಲು ಕೂತೆ. ಛಾವಣಿಗೆ ಏನೂ ಆಗಿಲ್ಲ. ಬರೆಯಲು ಧೈರ್ಯ ಬರಲಿಲ್ಲ, ಅಷ್ಟೆ.

ರೆಕ್ಕೆಯ ವಿಷಯ ಹೇಳುತ್ತೇನೆ. ಅಂಗಡಿಯವನು ಕೊಟ್ಟದ್ದು ಸರ್ಕಸ್ಸಿನ ರೆಕ್ಕೆ. ತಲೆಕೆಳಗಾಗಿ ಲಾಗ ಹಾಕುವ ಹುಡುಗರಿಗೆ ಅದು ಸರಿ. ಹಗುರವಾದ ರೆಕ್ಕೆ ಕೈ ಹೇಳಿದ್ದನ್ನೆಲ್ಲ ತಕ್ಷಣ ಕೇಳುತ್ತದೆ. ಭಾರದ ರೆಕ್ಕೆ ಸ್ವಲ್ಪ ಯೋಚನೆ ಮಾಡಿ ಕೇಳುತ್ತದೆ. ನಿನ್ನಪ್ಪನಿಗೆ ಯೋಚನೆ ಮಾಡುವ ರೆಕ್ಕೆ ಬೇಕು. ಭಾರ ತುದಿಯ ಕಡೆಗೆ ಸ್ವಲ್ಪ ಜಾಸ್ತಿ ಇರಲಿ, ಆಗ ತಿರುಗುವ ವೇಗ ಗಾಳಿ ಬಡಿದರೂ ಕುಂದುವುದಿಲ್ಲ. ಕೆಳಮೈ ಮೇಲ್ಮೈಯಷ್ಟು ಉಬ್ಬಿರಬಾರದು. ಒಂದೇ ಕಡೆ ನಿಂತಿರುವ ಯಂತ್ರವನ್ನು ಎತ್ತಿ ಹಿಡಿಯಲು ಅದೇ ಒಳ್ಳೆಯದು.

ಆಮೇಲೆ ಜೋಡಿ. ಎರಡು ರೆಕ್ಕೆಯ ತೂಕ ಸರಿಯಿದ್ದರೆ ಸಾಕು ಎಂದು ಅಂಗಡಿಯವರು ಹೇಳುತ್ತಾರೆ. ಸಾಲದು. ಒಂದೊಂದನ್ನೂ ಚಾಕುವಿನ ಬೆನ್ನಿನ ಮೇಲೆ ಇಟ್ಟು ಎಲ್ಲಿ ಸಮ ನಿಲ್ಲುತ್ತದೆ ಎಂದು ಗುರುತು ಹಾಕು. ಎರಡರ ಗುರುತೂ ಒಂದೇ ಜಾಗದಲ್ಲಿ ಇರಬೇಕು. ಮೊದಲು ಗುರುತು, ಆಮೇಲೆ ತೂಕ. ಇದನ್ನು ತಿರುವುಮುರುವು ಮಾಡಿದವರು ಕೆಟ್ಟರು.

ಒಂದರ ತುದಿಗೆ ಕೆಂಪು ಪಟ್ಟಿ, ಇನ್ನೊಂದಕ್ಕೆ ನೀಲಿ ಪಟ್ಟಿ ಅಂಟಿಸಿ, ತಿರುಗುವಾಗ ದೂರ ನಿಂತು ಕಣ್ಣಿನ ಮಟ್ಟದಲ್ಲಿ ನೋಡು. ಎರಡು ಬಣ್ಣ ಒಂದೇ ಗೆರೆಯಾಗಿ ಕಂಡರೆ ಸರಿ. ಬುಡದ ಬೋಲ್ಟನ್ನು ತೀರ ಬಿಗಿ ಮಾಡಬೇಡ. ಯಂತ್ರವನ್ನು ಪಕ್ಕಕ್ಕೆ ಮಲಗಿಸಿ ಹಿಡಿದಾಗ ರೆಕ್ಕೆ ಹಾಗೇ ನಿಲ್ಲಬೇಕು, ಸಣ್ಣಗೆ ಕುಲುಕಿದರೆ ಬಾಗಬೇಕು.

ಅವನ ಕೈ ಯಾವಾಗಿನಿಂದ ನಡುಗುತ್ತಿದೆ?

ಮೊರಿಯೊ


ಶಿಮಾದಾ
೨೦ ಮೇ

ಮೊರಿ ಮಾಮ,

ಹೀಗೆ ಕರೆಯಬಹುದಲ್ಲ? ಈ ವರ್ಷದ ಮೊದಲ ಕೊಯ್ಲಿನ ಚಹಾ ಕಳಿಸಿದ್ದೇನೆ. ಅಪ್ಪ ಕೆಲಸ ಮಾಡಿದ ಕಾರ್ಖಾನೆಯದೇ.

ನಮ್ಮ ಗುಟ್ಟು ನಿಮ್ಮ ಪಾಠದಿಂದಲೇ ಬಯಲಾಯಿತು. ಅಂಗಳದಲ್ಲಿ ಯಂತ್ರವನ್ನು ಪಕ್ಕಕ್ಕೆ ಮಲಗಿಸಿ ಕುಲುಕಿ ನೋಡುತ್ತಿದ್ದೆ. ಜಗಲಿಯಿಂದ ಅಪ್ಪ ಕೂಗಿದರು: "ಯಾರೇ ಹೇಳ್ಕೊಟ್ಟದ್ದು ನಿಂಗೆ ಅದನ್ನ?" ಪುಸ್ತಕದಲ್ಲಿ ಓದಿದೆ ಎಂದೆ. "ಸುಳ್ಳು ಬೊಗಳ್ಬೇಡ. ಹಂಗೆ ಮಗೂನ ತೊಟ್ಲಲ್ಲಿ ಕುಲುಕ್ದಂಗೆ ಕುಲುಕೋನು ಈ ದೇಶದಲ್ಲಿ ಒಬ್ನೇ. ಮೊರಿಗೆ ಬರ್ದಿದ್ದೀಯ."

ಬೈಯುತ್ತಾರೆ ಅಂದುಕೊಂಡೆ. ಬೈಯಲಿಲ್ಲ. "ಹಂಗಾದ್ರೆ ಅಂಗಡಿ ರೆಕ್ಕೆ ಯಾಕೆ? ಅವನ ಕೈಲೇ ಮಾಡ್ಸು. ಅವನು ಮಾಡಿದ್ ರೆಕ್ಕೇನ ನಾನು ಒಂದ್ ದಿನಾನೂ ತೂಗಿ ನೋಡಿದವನಲ್ಲ" ಎಂದರು. ರೆಕ್ಕೆ ನಿಮ್ಮ ಜವಾಬ್ದಾರಿ, ರೇಡಿಯೊ ಪೆಟ್ಟಿಗೆಯ ಕಡ್ಡಿ ಆಡಿಸುವ ಕೈ ಅಪ್ಪನ ಜವಾಬ್ದಾರಿ, ಒಬ್ಬರದ್ದರಲ್ಲಿ ಇನ್ನೊಬ್ಬರು ಮೂಗು ತೂರಿಸುತ್ತಿರಲಿಲ್ಲವಂತೆ. ಹಾರಿಸುವಾಗ ನೀವು ಅವರ ಭುಜದ ಪಕ್ಕ ನಿಂತು ಕಂಡದ್ದನ್ನು ಹೇಳುತ್ತಿದ್ದಿರಂತೆ. ಇಳಿಸಿದ ಮೇಲೆ ಅಪ್ಪ ಕೇಳುವುದು ಒಂದೇ ಪ್ರಶ್ನೆಯಂತೆ, "ಕೈಯೋ ರೆಕ್ಕೆಯೋ?" ನೀವು ಒಂದೇ ಮಾತಿನಲ್ಲಿ ಉತ್ತರ ಕೊಡುತ್ತಿದ್ದಿರಂತೆ. ಇಷ್ಟೊಂದು ಮಾತು ಅವರ ಬಾಯಿಂದ ಕೇಳಿ ಅಮ್ಮ ಅಡುಗೆಮನೆಯಿಂದಲೇ ಇಣುಕಿ ನೋಡಿದಳು.

ಈಗ ನಿಮ್ಮ ಪ್ರಶ್ನೆಗೆ ಉತ್ತರ. ವೈದ್ಯರ ಪ್ರಕಾರ ಕಾಯಿಲೆ ಎರಡು ಮೂರು ವರ್ಷದ್ದು. ಅಪ್ಪ ಒಪ್ಪುವುದಿಲ್ಲ. "ಎಂಬತ್ತೆಂಟರಲ್ಲಿ ಮಾದರಿ ಹೆಲಿಕಾಪ್ಟರಿನ ರಾಷ್ಟ್ರ ತಂಡದ ಆಯ್ಕೆ ದಿನ ಶುರುವಾದದ್ದು. ಮೊರಿ ಪಕ್ಕದಲ್ಲೇ ನಿಂತು ನೋಡಿದ್ದಾನೆ" ಎಂದು ವೈದ್ಯರೆದುರು ಹಟ ಹಿಡಿದರು. ಅಷ್ಟು ಹಿಂದಿನಿಂದ ಇದ್ದರೆ ಇದು ಬೇರೆಯೇ ಕಾಯಿಲೆ ಇರಬಹುದು, ಪರೀಕ್ಷೆಯೂ ಬೇರೆ ಔಷಧವೂ ಬೇರೆ ಎಂದು ವೈದ್ಯರು ತಲೆ ಕೆರೆದುಕೊಳ್ಳುತ್ತಿದ್ದಾರೆ. ನೋಡಿದವರು ಬೇರೆ ಯಾರೂ ಇಲ್ಲ. ಆ ದಿನ ಅಪ್ಪನ ಕೈ ನಿಜವಾಗಿ ಹೇಗೆ ನಡುಗಿತು, ಎಷ್ಟು ಹೊತ್ತು, ಒಂದು ನಾಲ್ಕು ಸಾಲು ಬರೆದುಕೊಡಿ. ಆಸ್ಪತ್ರೆಗೆ ತೋರಿಸಬೇಕು.

ಚಿಜುರು


ಹಮಾಮಾತ್ಸು
೧೭ ಜೂನ್

ಚಿಜುರು,

ಚಹಾ ಬಂತು. ಒಳ್ಳೆಯ ಚಹಾ, ನನ್ನಂಥವನಿಗೆ ಹೆಚ್ಚಾಯಿತು.

ರೆಕ್ಕೆ ಮಾಡುತ್ತಿದ್ದೇನೆ. ಪಿಯಾನೊದ ಒಳಹಲಗೆಗೆಂದು ಕಡಿದು ಮೂವತ್ತು ವರ್ಷ ಒಣಗಿದ ಸ್ಪ್ರೂಸ್ ಮರ ಒಂದು ತುಂಡು ಉಳಿದಿತ್ತು. ಎರಡೂ ರೆಕ್ಕೆಗೆ ಅದೇ ತುಂಡು, ಅಕ್ಕಪಕ್ಕದ ಎಳೆ. ಮುಂದಿನ ಅಂಚಿಗೆ ಗಟ್ಟಿ ಮರ ಕೂರಿಸಿದ್ದೇನೆ. ಮಳೆಗಾಲ ಮುಗಿಯುವ ತನಕ ಮೇಲಿನ ಹೊದಿಕೆ ಅಂಟಿಸುವುದಿಲ್ಲ, ತೇವ ಒಳಗೆ ಸಿಕ್ಕಿಕೊಂಡರೆ ತೂಕ ದಿನಕ್ಕೊಂದು ಥರ ಆಗುತ್ತದೆ. ಸ್ವಲ್ಪ ಕಾಯಲು ಹೇಳು.

ಮೊರಿಯೊ


ಶಿಮಾದಾ
೮ ಜುಲೈ

ಮೊರಿ ಮಾಮ,

ಮರದ ವಿಷಯ ಎಲ್ಲ ಬರೆದಿರಿ, ನಾನು ಕೇಳಿದ ಒಂದು ವಿಷಯ ಬಿಟ್ಟಿರಿ.

ಮರೆತಿದ್ದರೆ ಮರೆತೆ ಎನ್ನಿ, ವೈದ್ಯರಿಗೆ ಹಾಗೇ ಹೇಳುತ್ತೇನೆ. ಅಪ್ಪನಂತೂ ಮರೆತಿಲ್ಲ. ಆ ಸ್ಪರ್ಧೆ ಮುಗಿದ ಮೇಲೆ ಗಿರಾಕಿಗಳ ಮುಖಕ್ಕೆ ಕತ್ತಿ ಹಚ್ಚುವುದನ್ನೇ ನಿಲ್ಲಿಸಿದರು. ಗಡ್ಡ ಹೆರೆಯುವುದೆಲ್ಲ ಅಮ್ಮನ ಪಾಲಿಗೆ ಬಂತು. ಎರಡು ವರ್ಷಕ್ಕೆ ಅಂಗಡಿ ಮುಚ್ಚಿ ಅಮ್ಮನ ತವರಿಗೆ ಬಂದೆವು. ಅಪ್ಪ ಚಹಾ ಕಾರ್ಖಾನೆಯಲ್ಲಿ ಮೂಟೆ ಹೊಲಿದರು. ಊರು ಯಾಕೆ ಬಿಟ್ಟಿರಿ ಎಂದು ನನ್ನನ್ನು ಹೊಸ ಶಾಲೆಯಲ್ಲಿ ಯಾರಾದರೂ ಕೇಳಿದರೆ "ನಮ್ಮಪ್ಪನ ಕೈ ಕೆಟ್ಟಿದೆ" ಅನ್ನುತ್ತಿದ್ದೆ. ಅದೇ ದಿನಗಳಲ್ಲಿ ಅಪ್ಪ ನನ್ನ ಪೆನ್ಸಿಲ್ಲನ್ನು ಸೂಜಿಯಷ್ಟು ಚೂಪಾಗಿ ಕೆತ್ತಿಕೊಡುತ್ತಿದ್ದರು. ಇದು ಈಚೆಗೆ ನೆನಪಾಗಿ ನಿದ್ದೆ ಬರುತ್ತಿಲ್ಲ.

ಚಿಜುರು


ಹಮಾಮಾತ್ಸು
೧೩ ಆಗಸ್ಟ್

ಇನಾಗಾಕಿ,

ಇವತ್ತು ಊರೆಲ್ಲ ತೀರಿಹೋದ ಹಿರಿಯರನ್ನು ಹಬ್ಬಕ್ಕೆ ಮನೆಗೆ ಕರೆಯಲು ಸಮಾಧಿಯ ಹತ್ತಿರ ಹೋಗಿದೆ. ನಾನು ಬೆಳಿಗ್ಗೆಯೇ ಅಪ್ಪ ಅಮ್ಮನಿಗೆ ಊದುಬತ್ತಿ ಹಚ್ಚಿ ಬಂದು ಕೂತಿದ್ದೇನೆ. ಇದರ ಜೊತೆ ರೆಕ್ಕೆ ಇದೆ. ಪತ್ರವನ್ನು ಮೊದಲು ಓದು. ಓದಿದ ಮೇಲೆ ರೆಕ್ಕೆಯನ್ನು ಒಲೆಗೆ ಹಾಕಿದರೂ ಸರಿ.

ಅವತ್ತು ನಿನ್ನ ಕೈ ನಡುಗಲಿಲ್ಲ.

ಆಯ್ಕೆಯ ಹಿಂದಿನ ಸಂಜೆ ಸಾಮಾನು ಕಾರಿಗೆ ತುಂಬಿದೆವು ನೋಡು. ನೀನು ಒಳಗೆ ಅನ್ನದುಂಡೆ ಕಟ್ಟಿಸುತ್ತಿದ್ದೆ. ನಾನು ಕಾರಿನ ಹಿಂದಿನ ಬಾಗಿಲನ್ನು ರೆಕ್ಕೆಯ ಪೆಟ್ಟಿಗೆಯ ಮೇಲೆಯೇ ಬಡಿದು ಮುಚ್ಚಿದೆ. ನೀಲಿ ಪಟ್ಟಿಯ ರೆಕ್ಕೆಯ ತುದಿ ಜಜ್ಜಿಹೋಯಿತು. ಬೇಸಿಗೆಯಿಡೀ ನೀನು ಆ ಜೋಡಿಯಲ್ಲೇ ಅಭ್ಯಾಸ ಮಾಡಿದ್ದೆ. ಹೇಳಿದ್ದರೆ ನೀನು ಬೈದು, ಹಳೆಯ ಜೋಡಿ ಹಾಕಿಕೊಂಡು ಹಾರಿಸುತ್ತಿದ್ದೆ. ಬಹುಶಃ ಗೆಲ್ಲುತ್ತಲೂ ಇದ್ದೆ. ಆದರೆ ಶಿನೋಹಾರಾನ ಕೈಯಲ್ಲಿ ರೆಕ್ಕೆ ಜಜ್ಜಿತು ಎಂದು ಹೇಳಿಸಿಕೊಳ್ಳಲು ನನಗೆ ಮನಸ್ಸಾಗಲಿಲ್ಲ.

ಮನೆಗೆ ಹೋಗಿ ಇನ್ನೊಂದು ಜೋಡಿಯಿಂದ ಒಂದನ್ನು ಕಿತ್ತೆ. ತೂಕ ಗ್ರಾಮಿಗೆ ಗ್ರಾಮು ಸರಿ ಬಂತು. ಚಾಕುವಿನ ಬೆನ್ನಿನ ಮೇಲಿಟ್ಟರೆ ಗುರುತು ಆರು ಮಿಲಿಮೀಟರು ಒಳಗಿತ್ತು. ತುದಿಗೆ ಪಟ್ಟಿ ಸುತ್ತಿ, ಎರಡನ್ನೂ ಬೋಲ್ಟಿಗೆ ಹಾಕಿ ತಕ್ಕಡಿಯ ಹಾಗೆ ತೂಗಿಸಿದೆ. ಸಮ ನಿಂತಿತು. ಅದು ನಿಂತಿರುವಾಗಿನ ಸಮ, ತಿರುಗುವಾಗಿನ ಸಮ ಅಲ್ಲ ಎಂದು ಹತ್ತು ಜನರಿಗೆ ಪಾಠ ಹೇಳಿದವನು ನಾನೇ. ಅದರ ಮೇಲೆ ನೀಲಿ ಪಟ್ಟಿ ಅಂಟಿಸಿ ಪೆಟ್ಟಿಗೆಯಲ್ಲಿಟ್ಟೆ. ಬೆಳಿಗ್ಗೆ ಎಂಜಿನ್ ಬಿಸಿ ಮಾಡುವಾಗ ಕಾಲುಗಳು ಸಣ್ಣಗೆ ಗದಗದ ಅಂದದ್ದನ್ನು ನೋಡಿದೆ. ಗಾಳಿ ಇಲ್ಲದಿದ್ದರೆ ಗೊತ್ತಾಗಲಿಕ್ಕಿಲ್ಲ ಅಂದುಕೊಂಡೆ. ಗಾಳಿ ಬಂತು.

ಮೂರನೆಯ ವರಸೆಯಲ್ಲಿ ಅದು ನಿಂತಲ್ಲೇ ಬೆದರಿದ ಕುದುರೆಯ ಹಾಗೆ ಮೈ ಕೊಡವಿತು. ನೀನು ಇಳಿಸಿದೆ. ಕೇಳಿದೆ, "ಕೈಯೋ ರೆಕ್ಕೆಯೋ?"

ನಾನು "ಕೈ" ಅಂದೆ.

ಒಂದು ಅಕ್ಷರದ ಮಾತು. ಆಮೇಲೆ ವಾಪಸ್ಸು ತೆಗೆದುಕೊಳ್ಳುವುದಕ್ಕೆ ನೀನೇ ಎಷ್ಟೋ ಅವಕಾಶ ಕೊಟ್ಟೆ. ಮರುತಿಂಗಳು ಕ್ಷೌರಕ್ಕೆ ಬಂದು ನಿನ್ನ ಕುರ್ಚಿಯಲ್ಲಿ ಕೂತಿದ್ದೆ. ನೀನು ನನ್ನ ಮುಖಕ್ಕೆ ನೊರೆ ಹಚ್ಚಿದೆ, ಬಿಸಿ ಬಟ್ಟೆ ಒತ್ತಿದೆ, ಕತ್ತಿ ತೆಗೆದೆ. ನಾನು ಕನ್ನಡಿಯಲ್ಲಿ ನೋಡುತ್ತಿದ್ದೆ, ನಿನ್ನ ಕೈ ಕಲ್ಲಿನ ಹಾಗಿತ್ತು. ಆದರೂ ಕತ್ತಿಯನ್ನು ಕೆಳಗಿಟ್ಟು "ಇವತ್ತು ಬೇಡ ಮೊರಿ, ನಿನ್ನ ಕತ್ತು ಕುಯ್ದುಬಿಟ್ರೆ?" ಎಂದು ನಕ್ಕೆ. ಆಗಲಾದರೂ ಹೇಳಬಹುದಿತ್ತು. ನಾನು ಅರ್ಧ ಮುಖಕ್ಕೆ ಒಣಗಿದ ನೊರೆ ಒರೆಸಿಕೊಂಡು ಎದ್ದು ಮನೆಗೆ ಹೋದೆ. ಆ ಮೇಲೆ ನಿನ್ನ ಬೀದಿಗೇ ಬರಲಿಲ್ಲ. ನೀನು ಊರು ಬಿಟ್ಟ ದಿನ ಕಾರ್ಖಾನೆಯಲ್ಲಿ ರಜೆ ಇತ್ತು, ನಾನು ಕೆಲಸವಿದೆ ಎಂದು ಹೇಳಿ ಕಳಿಸಿದೆ.

ರೈಲಿನಲ್ಲಿ ನಲವತ್ತೈದು ನಿಮಿಷದ ದಾರಿ. ಹತ್ತೊಂಬತ್ತು ವರ್ಷ ಕಾರ್ಡು ಕಳಿಸಿದೆ. ಪ್ರತಿ ಡಿಸೆಂಬರಿನಲ್ಲೂ ಪೆನ್ನು ತೆಗೆದು ಅಚ್ಚಿನ ಅಕ್ಷರದ ಕೆಳಗೆ ಜಾಗ ನೋಡುತ್ತಿದ್ದೆ. ನಾನು ಹೇಡಿ. ಇದಕ್ಕಿಂತ ಒಳ್ಳೆಯ ಪದ ಸಿಕ್ಕಿಲ್ಲ.

ಜಜ್ಜಿದ್ದನ್ನು ಸುಟ್ಟೆ. ಅದರ ಜೊತೆಯ ಕೆಂಪು ಪಟ್ಟಿಯದು ಇನ್ನೂ ನನ್ನ ಕೆಲಸದ ಕೋಣೆಯ ಮೊಳೆಯಲ್ಲಿ ಒಂಟಿಯಾಗಿ ನೇತಾಡುತ್ತಿದೆ.

ವೈದ್ಯರಿಗೆ ಹೇಳು, ಎಂಬತ್ತೆಂಟರಲ್ಲಿ ಏನೂ ಇರಲಿಲ್ಲ ಎಂದು ಶಿನೋಹಾರಾ ಮೊರಿಯೊ ಬರೆದುಕೊಟ್ಟಿದ್ದಾನೆ. ಚಿಜುರುವಿಗೂ ಇದನ್ನು ಓದಿಸು. ಈ ಜೋಡಿಯನ್ನು ಮಾತ್ರ ನಂಬಬೇಡ, ನೀನೇ ತೂಗಿ ನೋಡು, ನೀನೇ ಚಾಕುವಿನ ಮೇಲಿಟ್ಟು ನೋಡು.

ಕ್ಷಮೆ ಕೇಳುವ ಮುಖವೂ ನನಗಿಲ್ಲ. ಆದರೂ ಕೇಳುತ್ತಿದ್ದೇನೆ.

ಶಿನೋಹಾರಾ ಮೊರಿಯೊ


ಹಮಾಮಾತ್ಸು
೩೦ ಸೆಪ್ಟೆಂಬರ್

ಚಿಜುರು,

ಆರು ವಾರ ಅಂಚೆಯವನ ಸೈಕಲ್ಲಿನ ಸದ್ದಿಗೆ ಕಿವಿಗೊಟ್ಟು ಕೂತಿದ್ದೆ. ಮೊನ್ನೆ ಒಂದು ಉದ್ದನೆಯ ಕಟ್ಟು ಬಂತು. ವಿಳಾಸದ ಅಕ್ಷರ ನಿನ್ನದಲ್ಲ. ಗೆರೆಗೆರೆಯೂ ನಡುಗಿದ ಅಕ್ಷರ. ಓದುವ ಮೊದಲೇ ಯಾರದೆಂದು ಗೊತ್ತಾಯಿತು.

ಒಳಗೆ ನಾನು ಕಳಿಸಿದ ಹೊಸ ಜೋಡಿಯ ಒಂದೇ ರೆಕ್ಕೆ ಇತ್ತು. ಕೆಂಪು ಪಟ್ಟಿಯದು. ಕಾಗದದ ಚೂರೂ ಇಲ್ಲ.

ನಿನ್ನಪ್ಪನ ಉತ್ತರ ಅರ್ಥವಾಯಿತು. ನಾನು ಅವನಿಗೆ ಜೋಡಿ ಒಡೆದ ರೆಕ್ಕೆ ಕೊಟ್ಟೆ, ಅವನು ನನಗೆ ಅದನ್ನೇ ಕೊಟ್ಟ. ನ್ಯಾಯವೇ. ಹಳೆಯದರ ಪಕ್ಕದ ಮೊಳೆಗೆ ಇದನ್ನೂ ನೇತು ಹಾಕಿದ್ದೇನೆ. ಇನ್ನು ನಿಮಗೆ ತೊಂದರೆ ಕೊಡುವುದಿಲ್ಲ. ಹೊಸವರ್ಷದ ಕಾರ್ಡೂ ಬರುವುದಿಲ್ಲ.

ಅಂಗಡಿಯಲ್ಲಿ ಫೈಬರ್ ರೆಕ್ಕೆ ಕೇಳು, ಭಾರದ್ದು. ಅವನ ಆಸೆ ನನ್ನಿಂದಾಗಿ ನಿಲ್ಲಬಾರದು. ಚಳಿ ಬಂದರೆ ಗಾಳಿ ಏಳುತ್ತದೆ, ಬೇಗ ಮಾಡು.

ಮೊರಿಯೊ


ಶಿಮಾದಾ
೧೪ ಅಕ್ಟೋಬರ್

ಮೊರಿ,

ಅಕ್ಷರ ಓದಲು ಕಷ್ಟವಾದರೆ ಕನ್ನಡಕ ಹಾಕಿಕೋ. ಮಗಳ ಕೈಲಿ ಬರೆಸಬಹುದಿತ್ತು, ಬೇಕೆಂದೇ ಬರೆಸಿಲ್ಲ. ನನ್ನ ಕೈ ಈಗ ಹೇಗಿದೆ ಎಂದು ನೀನು ನೋಡಬೇಕು.

ನಿನ್ನ ಪತ್ರವನ್ನು ಮೂರು ದಿನ ಮತ್ತೆ ಮತ್ತೆ ಓದಿದೆ. ನಾಲ್ಕನೆಯ ದಿನ ರೆಕ್ಕೆ ಎತ್ತಿ ಒಲೆಯ ಹತ್ತಿರ ಹೋದೆ. ಹೆಂಡತಿ ಅಡ್ಡ ಬಂದು, "ರೆಕ್ಕೆ ಸುಟ್ರೆ ಅವನಿಗೇನು ಉರಿಯುತ್ತೆ? ಒಳ್ಳೇ ಮರ, ಇಡಿ ಅತ್ಲಾಗೆ" ಎಂದು ಕಿತ್ತುಕೊಂಡಳು.

ಆಯ್ಕೆ ಹೋದದ್ದಕ್ಕೆ ನನಗೆ ಸಿಟ್ಟಿಲ್ಲ. ಹೋದರೆ ಹೋಯಿತು, ತಂಡದಲ್ಲಿ ಯಾರೋ ಒಬ್ಬರು ಹಾರಿಸಿದರು. ಅಂಗಡಿ ಮುಚ್ಚಿದ್ದಕ್ಕೆ ಸಿಟ್ಟಿದೆ. ಅದಕ್ಕಿಂತ ಹೆಚ್ಚಿನದು ಒಂದಿದೆ, ಕೇಳು. ತೊಂಬತ್ತಾರರಲ್ಲಿ ಅಮ್ಮ ಸತ್ತಳು. ಸುಟ್ಟ ಮೇಲೆ ಎಲ್ಲರೂ ಕಡ್ಡಿ ಹಿಡಿದು ಮೂಳೆ ಆರಿಸಿ ಗಡಿಗೆಗೆ ಹಾಕಿದರು. ನಾನು ಹಿಂದೆ ನಿಂತುಬಿಟ್ಟೆ. ನನ್ನ ಕೈ ನಡುಗಿ ಅಮ್ಮನ ಮೂಳೆ ನೆಲಕ್ಕೆ ಬಿದ್ದರೆ ಎಂದು. ಒಬ್ಬನೇ ಮಗ ನಾನು. ಗಟ್ಟಿಮುಟ್ಟಾದ ಎರಡು ಕೈ ಇಟ್ಟುಕೊಂಡು ಹಿಂದೆ ನಿಂತೆ. ಇದನ್ನು ಕ್ಷಮಿಸುವುದು ಹೇಗೆ ಎಂದು ನನಗೆ ಗೊತ್ತಾಗುತ್ತಿಲ್ಲ. ಕ್ಷಮಿಸಿದ್ದೇನೆ ಎಂದು ನೀನೂ ಅಂದುಕೊಳ್ಳಬೇಡ.

ನೀನು ಹೇಳಿದ ಹಾಗೆ ರೆಕ್ಕೆ ತೂಗಿದೆ. ಜೀವಮಾನದಲ್ಲಿ ಮೊದಲ ಸಲ. ಚಾಕುವಿನ ಮೇಲೆ ಇಡಲು ನನ್ನ ಕೈಯಿಂದ ಆಗಲಿಲ್ಲ, ಚಿಜುರು ಇಟ್ಟಳು. ಎರಡರ ಗುರುತೂ ಒಂದೇ ಜಾಗದಲ್ಲಿದೆ. ಇಷ್ಟು ಒಳ್ಳೆಯ ಜೋಡಿ ನೀನು ಎಂದೂ ಮಾಡಿರಲಿಲ್ಲ, ಕಳ್ಳ.

ಈಗ ಆ ಕೆಂಪು ಪಟ್ಟಿಯದರ ವಿಷಯ. ಅದನ್ನು ಮೊಳೆಗೆ ನೇತು ಹಾಕಿದೆಯಂತೆ. ಮಗಳು ನಿನ್ನ ಪತ್ರ ಓದಿ ಹೇಳಿದಾಗ ತಲೆ ಚಚ್ಚಿಕೊಂಡೆ. ನೀನು ಅವತ್ತೂ ತಪ್ಪು ಹೇಳಿದೆ, ಇವತ್ತೂ ತಪ್ಪು ತಿಳಿದುಕೊಂಡೆ. ನೀಲಿಯದು ನನ್ನ ಹತ್ತಿರ ಇದೆ, ಕೆಂಪಿನದು ನಿನ್ನ ಹತ್ತಿರ ಇದೆ. ಒಂದು ರೆಕ್ಕೆಯಿಂದ ಯಂತ್ರ ಹಾರುವುದಿಲ್ಲ. ಎರಡನ್ನೂ ನಾನೇ ಇಟ್ಟುಕೊಂಡಿದ್ದರೆ ನೀನು ಜನ್ಮಕ್ಕೂ ಇತ್ತ ತಲೆ ಹಾಕುತ್ತಿರಲಿಲ್ಲ, ಡಿಸೆಂಬರಿನಲ್ಲಿ ಇನ್ನೊಂದು ಕಾರ್ಡು ಕಳಿಸುತ್ತಿದ್ದೆ. ಅಂಚೆಗೆ ಹಾಕಬೇಡ. ನೀನೇ ತಗೊಂಡು ಬಾ.

ಮುಂದಿನ ಭಾನುವಾರ, ಬೆಳಿಗ್ಗೆ ಒಂಬತ್ತಕ್ಕೆ, ಇಲ್ಲಿನ ಓಯಿ ನದಿಯ ಮರಳ ಮೇಲೆ. ಗಡ್ಡ ಮನೆಯಲ್ಲೇ ಹೆರೆದುಕೊಂಡು ಬಾ, ಈಗ ನಾನು ಕತ್ತಿ ಹಿಡಿದರೆ ನಿನ್ನ ಕತ್ತು ನಿಜವಾಗಿಯೂ ಹೋಗುತ್ತದೆ. ರೆಕ್ಕೆ ನೀನು ಕೂರಿಸು. ಮಗಳು ತಂತಿಯ ಆ ತುದಿಯಲ್ಲಿ ಇರುತ್ತಾಳೆ. ನೀನು ಮೊದಲಿನ ಹಾಗೆ ನನ್ನ ಪಕ್ಕ ನಿಲ್ಲು.

ಇಳಿಸಿದ ಮೇಲೆ ಕೇಳುತ್ತೇನೆ, ಕೈಯೋ ರೆಕ್ಕೆಯೋ ಎಂದು. ಈ ಸಲ ಉತ್ತರ ಕೈ ಎಂದೇ ಆಗುತ್ತದೆ. ಅದು ನನಗೂ ಗೊತ್ತು, ನಿನಗೂ ಗೊತ್ತು. ಕರುಣೆ ತೋರಿಸಿ ರೆಕ್ಕೆ ಎಂದೀಯೆ ಜೋಕೆ. ನನ್ನ ಮುಖ ನೋಡಿಕೊಂಡು ಕೈ ಎಂದು ಹೇಳು. ನಿನ್ನ ಬಾಯಿಂದ ಆ ಮಾತನ್ನು ಒಂದು ಸಲ ನಿಜವಾಗಿ ಕೇಳಬೇಕು ನಾನು.

ಇನಾಗಾಕಿ ತಾಕುಜೊ